ಹೋಗೆಂದ ಮಾತ್ರಕ್ಕೆ

ನನ್ನ ತಂಗಿಯ ಪತಿಯು ತೀರಿಕೊಂಡು, ವೈಕುಂಠ ಸಮಾರಾಧನೆಯು ಮುಗಿದ ಮರುದಿನದ ಮಾತು. ಆಕೆಯ ಮೈದುನನು ನನ್ನನ್ನು ಪಡಸಾಲೆಗೆ ಕರೆದು, "ಭಾವನವರೇ, ಮನೆ ನಮ್ಮ ತಾಯಿಯವರ ಹೆಸರಿನಲ್ಲಿದೆ. ಅಣ್ಣನೇ ಇಲ್ಲದ ಮೇಲೆ ಅತ್ತಿಗೆಗೆ ಇಲ್ಲೇನಿದೆ? ತವರಿಗೆ ಕರೆದುಕೊಂಡು ಹೋಗಿಬಿಡಿ" ಎಂದನು.

ನನಗೆ ಸಿಟ್ಟು ಬಂದಿತು. ಆದರೆ ಸಿಟ್ಟಿಗಿಂತಲೂ ಮಾನವೇ ದೊಡ್ಡದೆನಿಸಿತು. ಒಳಗೆ ಹೋಗಿ, "ಪೆಟ್ಟಿಗೆ ಕಟ್ಟಮ್ಮ, ಹೊರಡೋಣ" ಎಂದೆನು. ಆಕೆಯು ತಲೆಯೆತ್ತಿ, "ಅಣ್ಣ, ನಾನು ಬರಬಹುದು. ಆದರೆ ಬರಲೇಬೇಕೆ?" ಎಂದು ಕೇಳಿದಳು. 14 ವರ್ಷ ಆ ಮನೆಯ ಒಲೆ ಹೊತ್ತಿಸಿದವಳು. ಮಗನ ಶಾಲೆಯೂ ಅದೇ ಬೀದಿಯಲ್ಲಿದ್ದಿತು. ನನ್ನಲ್ಲಿ ಉತ್ತರವಿರಲಿಲ್ಲ.

ಪರಿಚಿತರಾದ ವಕೀಲರೊಬ್ಬರಲ್ಲಿಗೆ ಹೋದೆವು. ಅವರಿಂದ ತಿಳಿದುದನ್ನು ಗೃಹಸ್ಥರಾದ ವಾಚಕರೆಲ್ಲರೂ ಅರಿತಿರುವುದು ಲೇಸೆಂದು ಇಲ್ಲಿ ಬರೆಯುತ್ತಿರುವೆನು.

ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆಯು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಕುಟುಂಬದೊಡನೆ ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಸ್ತ್ರೀಗೆ ಉಂಟೆಂದು ಅದರ 17ನೆಯ ಪ್ರಕರಣವು ಹೇಳುತ್ತದೆ. ಮನೆಯಲ್ಲಿ ಆಕೆಗೆ ಒಡೆತನವಿರಬೇಕೆಂಬ ನಿಯಮವಿಲ್ಲ. ಕಾನೂನಿನ ಕ್ರಮದಿಂದಲ್ಲದೆ ಆಕೆಯನ್ನು ಹೊರಹಾಕಕೂಡದು. ಆ ಮನೆಗೆ ಬಾರದಂತೆ ತಡೆಯುವುದನ್ನೂ ಕಾಯಿದೆಯು ಹಿಂಸೆಯೆಂದೇ ಎಣಿಸುತ್ತದೆ. ಮನೆಯು ಅತ್ತೆಮಾವಂದಿರದಾದರೂ ಸೊಸೆಗೆ ಈ ಹಕ್ಕು ಇರಬಹುದೆಂದು ಸರ್ವೋಚ್ಚ ನ್ಯಾಯಾಲಯವು 2020ರ ಅಕ್ಟೋಬರಿನಲ್ಲಿ ನಿರ್ಣಯಿಸಿ, ಇದಕ್ಕೆ ವಿರುದ್ಧವಾಗಿದ್ದ ತನ್ನ 2006ರ ತೀರ್ಪು ಸರಿಯಲ್ಲವೆಂದಿತು. ಅದೇ ಡಿಸೆಂಬರಿನಲ್ಲಿ, ಬೆಂಗಳೂರಿನ ಮನೆಯೊಂದರ ವ್ಯಾಜ್ಯದಲ್ಲಿ, ಹಿರಿಯ ನಾಗರಿಕರ 2007ರ ಕಾಯಿದೆಯನ್ನು ಮುಂದಿಟ್ಟು ಸೊಸೆಯ ಹಕ್ಕನ್ನು ಸುಮ್ಮನೆ ಅಳಿಸಲಾಗದೆಂದೂ ಹೇಳಿತು.

"ಹಾಗಾದರೆ ಮನೆ ಇವಳದಾಯಿತೆ?" ಎಂದು ಕೇಳಿದೆನು. ವಕೀಲರು ನಕ್ಕು, "ಇಲ್ಲ ಸ್ವಾಮಿ, ಇದು ವಾಸದ ಹಕ್ಕು, ಒಡೆತನವಲ್ಲ. ವೃದ್ಧರ ನೆಮ್ಮದಿಯನ್ನೂ ನ್ಯಾಯಾಧೀಶರು ನೋಡುವರು. ಅಂತಹುದೇ ಬೇರೊಂದು ಮನೆ ಒದಗಿಸುವಂತೆ, ಇಲ್ಲವೆ ಅದರ ಬಾಡಿಗೆ ಕೊಡುವಂತೆ ಆಜ್ಞೆ ಮಾಡಲೂಬಹುದು. ಆದರೆ ನಿರ್ಧರಿಸತಕ್ಕದ್ದು ನ್ಯಾಯಾಲಯ, ಮೈದುನನಲ್ಲ" ಎಂದರು.

ಅರ್ಜಿಯನ್ನು ಸಂರಕ್ಷಣಾಧಿಕಾರಿಗಳ ಮೂಲಕವಾಗಲಿ, ನೇರವಾಗಿಯಾಗಲಿ ಮ್ಯಾಜಿಸ್ಟ್ರೇಟರಿಗೆ ಸಲ್ಲಿಸಬಹುದು. ಮೊದಲ ವಿಚಾರಣೆಯನ್ನು ಸಾಮಾನ್ಯವಾಗಿ 3 ದಿನಗಳೊಳಗೆ ಇಡಬೇಕೆಂದು ವಿಧಿಯಿದೆ. ಕೈಯಲ್ಲಿ ಹಣವಿಲ್ಲವೆಂದು ಹಿಂಜರಿಯಬೇಕಾಗಿಲ್ಲ. 1987ರ ಕಾಯಿದೆಯಂತೆ, ಆದಾಯವೆಷ್ಟೇ ಇರಲಿ, ಸ್ತ್ರೀಯರಿಗೆ ಕಾನೂನು ಸೇವಾ ಸಮಿತಿಯು ಉಚಿತವಾಗಿ ವಕೀಲರನ್ನು ಒದಗಿಸುತ್ತದೆ.

ತಂಗಿಯು ಅರ್ಜಿ ಸಲ್ಲಿಸಿದಳು. ಹಿಂಬದಿಯ ಎರಡು ಕೋಣೆಗಳಲ್ಲಿ ಆಕೆಯೂ ಮಗನೂ ಇರತಕ್ಕದ್ದೆಂದು ಮಧ್ಯಂತರ ಆಜ್ಞೆಯಾಯಿತು. ಅತ್ತೆಯವರು ಬಹುದಿನ ಮಾತನಾಡಲಿಲ್ಲ. ಈಗ ಮೊಮ್ಮಗನ ನೆಪದಲ್ಲಿ ಒಂದೆರಡು ಮಾತು ನಡೆಯುತ್ತದೆ, ಅಷ್ಟೇ.

ನನ್ನ ಮನೆಯ ಬಾಗಿಲು ತಂಗಿಗೆ ಎಂದಿಗೂ ತೆರೆದೇ ಇರುವುದು. ಆದರೆ ಅಂದು ಆಕೆಯು ಆ ಪ್ರಶ್ನೆಯನ್ನು ಕೇಳದಿದ್ದರೆ, ಮೈದುನನು ಬಯಸಿದ ಕೆಲಸವನ್ನು ನಾನೇ ಮಾಡಿ ಮುಗಿಸುತ್ತಿದ್ದೆನು. ಮಾನವೆಂದು ನಾನು ತಿಳಿದುದು ನನ್ನ ಮಾನವೇ ಹೊರತು ಆಕೆಯದಾಗಿರಲಿಲ್ಲ. ಹೆಣ್ಣುಮಕ್ಕಳ ಪೆಟ್ಟಿಗೆ ಕಟ್ಟಿಸಲು ಅವಸರಪಡುವ ನನ್ನಂತಹ ಅಣ್ಣತಮ್ಮಂದಿರು, ಹೊರಡುವ ಇಷ್ಟವುಂಟೆ ಎಂದು ಅವರನ್ನು ಮೊದಲು ಒಂದು ಮಾತು ಕೇಳಲಿ.