ಆಗುಂಬೆಯಿಂದ ಮಲ್ಪೆಯ ಆಚೆಗೆ

ನವೆಂಬರಿನ ಬೆಳಗು. ಸೂರ್ಯಾಸ್ತಕ್ಕೆ ಜನ ಮುತ್ತುವ ಆಗುಂಬೆಯ ಕಟ್ಟೆಯ ಮೇಲೆ ಈ ಹೊತ್ತಿಗೆ ನೀವೂ ನಾಲ್ಕು ಮಂಗಗಳೂ ಬಿಟ್ಟರೆ ಯಾರೂ ಇಲ್ಲ. ಕಾಲಬುಡದಲ್ಲೇ ನೆಲ ಮುಗಿದಿದೆ. 500 ಮೀಟರಿನಷ್ಟು ಕೆಳಗೆ ಸೋಮೇಶ್ವರದ ಕಾಡು, ಅದರಾಚೆ ಮಂಜು. ಕಡಲು ನೆಟ್ಟಗೆ ಅಳೆದರೆ 40 ಕಿ.ಮೀ. ಚಿಲ್ಲರೆ. ಆದರೂ ನಿಮ್ಮ ಬೆನ್ನ ಹಿಂದೆ ಬಿದ್ದ ಮಳೆ ಅತ್ತ ಹೋಗುವುದಿಲ್ಲ. ತುಂಗೆಯ ಪಾಲಾಗಿ, ಕೃಷ್ಣೆಯನ್ನು ಸೇರಿ, ಇಡೀ ದಖ್ಖನ್ ದಾಟಿ ಬಂಗಾಳಕೊಲ್ಲಿಗೆ ಹೋಗುತ್ತದೆ. ಕಟ್ಟೆಯ ಮುಂದೆ ಬಿದ್ದದ್ದು ಮಾತ್ರ ಸೀತಾನದಿಗೆ.

ಮಿನಿ ಬಸ್ಸು ಹತ್ತಿ. 14 ತಿರುವು. ಒಂದೊಂದರಲ್ಲೂ ಕಂಬಿ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತೀರಿ, ಕಿವಿ ಗುಂಯ್ ಎನ್ನುತ್ತದೆ. ಕಿಟಕಿಯಾಚೆ ಪಾಚಿಗಟ್ಟಿದ ಬಂಡೆಯಿಂದ ಇನ್ನೂ ನೀರು ಒಸರುತ್ತಿದೆ. ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಹರಿದುಕೊಂಡು ಹೋಯಿತು. ಆದರೆ ಆ ಹರುಕು ಈ ಗೋಡೆಯಲ್ಲ, ಅದಿರುವುದು ಕಡಲಿನೊಳಗೆ. ಪರಶುರಾಮನ ಕೊಡಲಿಗೆ ಕಡಲು ಹಿಂದೆ ಸರಿಯಿತು ಎನ್ನುತ್ತದೆ ಕರಾವಳಿಯ ಕತೆ. ನನಗೆ ಕಲ್ಲಿನ ಕತೆ ಹೆಚ್ಚು ರುಚಿ: ಸವೆದು ಸವೆದು ಹಿಂದೆ ಸರಿದದ್ದು ಘಟ್ಟ.

ಹೆಬ್ರಿ ದಾಟಿದ ಮೇಲೆ ಒಂದು ಕೆಂಪುಕಲ್ಲಿನ ಕೋರೆ. ಯಂತ್ರದ ಚಕ್ರ ಕಿರ್‍ರೆಂದು ಕೊಯ್ಯುತ್ತಿದೆ. ಕೆಲಸದವರ ಹುಬ್ಬು, ರೆಪ್ಪೆ ಎಲ್ಲ ಕೆಂಪು. ಈ ಮುರಕಲ್ಲು ಹುಟ್ಟಬೇಕಾದರೆ ನೆಲ ಮಟ್ಟಸವಾಗಿ, ಬಿಸಿಲು ಮಳೆಗೆ ಬಹುಕಾಲ ಬಿದ್ದಿರಬೇಕು. ಘಟ್ಟದ ಮೇಲೂ ಕೆಳಗೂ ಇಂಥ ಪದರಗಳಲ್ಲಿ ಸಿಗುವ ಮ್ಯಾಂಗನೀಸ್ ಅದಿರಿನ ವಯಸ್ಸು ಅಳೆದವರ ಲೆಕ್ಕದಲ್ಲಿ, ಸುಮಾರು 4.7 ಕೋಟಿ ವರ್ಷದ ಹಿಂದೆಯೇ ಘಟ್ಟದ ಕೆಳಗಿನ ಈ ತಗ್ಗು ನೆಲ ಇತ್ತು. ಅಂದರೆ ಘಟ್ಟದ ಹಿನ್ನಡೆ ಬಹುಪಾಲು ಅಷ್ಟರಲ್ಲೇ ಮುಗಿದಿತ್ತು.

ಮಲ್ಪೆ ಬಂದರು. ಬಂಗುಡೆಯ ಬುಟ್ಟಿಗಳು ಒಂದೊಂದಾಗಿ ಮೇಲೆ ಬರುತ್ತಿವೆ, ಕಾಗೆಗಳ ಗಲಾಟೆ ಹೇಳತೀರದು. ಬೋಟಿನ ಪಕ್ಕೆಯನ್ನೇ ನೋಡಿ: ನೀರಿನೊಳಗಿದ್ದ ಬಣ್ಣದ ಪಟ್ಟಿ ಬುಟ್ಟಿ ಇಳಿದಂತೆಲ್ಲ ಮೇಲೇಳುತ್ತಿದೆ. ಘಟ್ಟದ್ದೂ ಇದೇ ಲೆಕ್ಕ. ಮಳೆ 100 ಮೀಟರ್ ಕಲ್ಲು ಸವೆಸಿದರೆ ಅಡಿಯ ಮ್ಯಾಂಟಲ್ 80 ಮೀಟರಿನಷ್ಟನ್ನು ಮೇಲೆತ್ತಿ ಕೊಡಬಲ್ಲದು. ಕಡಲಿನಡಿ ಇದು ತಿರುವುಮುರುವು. ಬಿರಿಯುವಾಗ ಹಿಗ್ಗಿ ತೆಳುವಾಗಿ ಕಾದಿದ್ದ ನೆಲ, ತಣಿಯುತ್ತ ತಣಿಯುತ್ತ ಕುಸಿಯಿತು. ಮೇಲೆ ಹೊಳೆಗಳು ತಂದು ಸುರಿದ ಹೂಳಿನ ಭಾರ ಬೇರೆ. ಅತ್ತ ಕುಸಿತ, ಇತ್ತ ಏರಿಕೆ, ನಡುವೆ ಭೂಫಲಕ ಬಾಗಲೇಬೇಕು. ತುಂಗೆ ಕಡಲಿಗೆ ಬೆನ್ನು ಹಾಕಿದ್ದರಲ್ಲಿ ಆ ಬಾಗಿನ ಕೈವಾಡವೂ ಇರಬೇಕು.

ದೋಣಿ ಸೇಂಟ್ ಮೇರೀಸ್ ದ್ವೀಪಕ್ಕೆ ಮುಟ್ಟಿತು. ಚಪ್ಪಲಿ ಕೈಯಲ್ಲಿ ಹಿಡಿದು ಕಂಬಗಲ್ಲುಗಳ ಮೇಲೆ ಹೆಜ್ಜೆಯಿಡಿ, ಚಿಪ್ಪು ಕೊಯ್ದೀತು, ಜೋಪಾನ. ಐದು ಮೂಲೆ, ಆರು ಮೂಲೆ, ಅಲ್ಲೊಂದು ಏಳು. ಬಂದವರೆಲ್ಲ ಇದನ್ನು ಬಸಾಲ್ಟ್ ಎನ್ನುತ್ತಾರೆ. ನಿಜಕ್ಕೂ ರಯೋಲೈಟ್ ಬಳಗದ್ದು, ಮಡಗಾಸ್ಕರ್ ಅಗಲಿದ ಕಾಲದಲ್ಲಿ ಉಕ್ಕಿ ತಣಿದ ಲಾವಾ. ಅದೇ ಕಾಲದ ಲಾವಾ ಮಡಗಾಸ್ಕರಿನಲ್ಲೂ ಇದೆ. ಅಲ್ಲಿಯೂ ಒಂದು ಘಟ್ಟವಿದೆ, ಪೂರ್ವಕ್ಕೆ, ನಮ್ಮ ಕಡೆಗೆ ಮುಖ ಮಾಡಿ. ಉದ್ದದ ಹೊಳೆಗಳು ಬಹುಪಾಲು ಪಶ್ಚಿಮಕ್ಕೆ ಹರಿಯುತ್ತವೆ.