ಅವು ಬಂದಿದ್ವಾ?

ಸಿಂಗಪುರಕ್ಕೆ ಬಂದು ನನಗೆ 9 ವರ್ಷ. ಅಷ್ಟೂ ವರ್ಷ ಅಪ್ಪ-ಅವ್ವನನ್ನು ಇಲ್ಲಿಗೆ ಕರೀತಾನೇ ಇದ್ದೆ. ಒಂದ್ಸಲ ಹೊಗೆಸೊಪ್ಪಿನ ಸಸಿ ನಾಟಿ, ಇನ್ನೊಂದ್ಸಲ ಬ್ಯಾರನ್ ಉರಿಸೋ ಕಾಲ, ಮತ್ತೊಂದ್ಸಲ ಹರಾಜು. ಹುಣಸೂರು ತಾಲ್ಲೂಕಿನ ಹನಗೋಡು ಕಡೆ ಬೇಸಾಯ ಮಾಡೋರಿಗೆ ವರ್ಷದ 12 ತಿಂಗಳೂ ಏನಾದ್ರೊಂದು ಇದ್ದೇ ಇರುತ್ತೆ. ಕೊನೆಗೆ ನಾನೇ ಒಂದು ದಿನ ಟಿಕೆಟ್ ಅಗ್ಗಕ್ಕೆ ಸಿಕ್ತು ಅಂತ ಯಾರನ್ನೂ ಕೇಳದೆ ನವೆಂಬರಿಗೆ ಬುಕ್ ಮಾಡಿಬಿಟ್ಟೆ. ಮಗಳಿಗೂ ಆಗ ಸ್ಕೂಲು ರಜ.

"ನವಂಬರಾ?" ಅಂದ ಅಪ್ಪ ಫೋನಲ್ಲಿ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಆಯ್ತು ಬುಡು, ಬತ್ತೀವಿ" ಅಂದ.

ಜೊತೆಗೆ ಕೆ.ಆರ್. ನಗರದಿಂದ ಮಾವನೂ ಹೊರಟ. ಮಾವ ಅಂದ್ರೆ ಅವ್ವನ ತಮ್ಮ. ಕಾವೇರಿ ನಾಲೆ ನೀರಲ್ಲಿ ಭತ್ತ ಬೆಳೆಯೋನು, ಜಗತ್ತಲ್ಲಿ ಏನೇ ತೋರಿಸಿದ್ರೂ ಚುಂಚನಕಟ್ಟೆ ಜಲಪಾತದ ಜೊತೆ ಹೋಲಿಸೋನು. ಅವನಿಗೆ ಮೊದಲೇ ಹೇಳಿದ್ದೆ, ಈ ದೇಶಕ್ಕೆ ಜಗಿಯೋ ಹೊಗೆಸೊಪ್ಪು ತರೋ ಹಂಗಿಲ್ಲ, ಕಡ್ಡಿಪುಡಿ ಊರಲ್ಲೇ ಬಿಟ್ಟು ಬಾ ಅಂತ. "ಅಲ್ಲ ಕಣ್ಲಾ, ನಿಮ್ಮಪ್ಪ ಬೆಳೆಯೋದೇ ಹೊಗೆಸೊಪ್ಪು, ಅವ್ನನ್ನ ಒಳೀಕೆ ಬುಡ್ತಾರಾ?" ಅಂತ ಕೇಳಿದ್ದ. ಅಂತೂ ಮೂವರೂ ಬಂದಿಳಿದ್ರು.

ಮಾಲ್ ತೋರಿಸಿದ್ರೆ ಇವ್ರಿಗೆ ಬೇಜಾರಾಗುತ್ತೆ, ಹಳ್ಳಿ ಜನ, ಕಾಡು ಮರ ಅಂದ್ರೆ ಖುಷಿ ಪಡ್ತಾರೆ ಅಂತ ನಾನೇ ಅಂದುಕೊಂಡು ಒಂದು ಪಟ್ಟಿ ಮಾಡಿದ್ದೆ. ಮೊದಲು ಬುಕಿಟ್ ತಿಮಾ. ಸಿಂಗಪುರದಲ್ಲಿ ಇದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಎತ್ತರ ಎಷ್ಟು ಅಂತೀರಾ? 163 ಮೀಟರ್. ತುದೀಲಿ ಒಂದು ಬಂಡೆ ಮೇಲೆ ಅದನ್ನ ಬರೆದಿಟ್ಟಿದ್ದಾರೆ, ಎಲ್ರೂ ಪಕ್ಕ ನಿಂತು ಫೋಟೋ ತೆಗೆಸ್ಕೋತಾರೆ. ನನ್ನ ಹೆಂಡತಿ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದೋಳು. ಅವ್ವ ಬಂಡೆಗೆ ಒರಗಿ ಮಂಡಿ ಒತ್ತಿಕೊಳ್ಳುತ್ತಾ, "ಇದೂ ಒಂದು ಬೆಟ್ಟವಾ? ನನ್ ಸೊಸೆ ಊರಲ್ಲಿ ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಕಾಲು ಭಾಗ ಇಲ್ಲ" ಅಂದ್ಲು. ಸೊಸೆ ಮುಖ ಅರಳಿತು. ನನ್ನದು ಇಳೀತು.

ಮುಂದಿನ ವಾರ ಮೆಕ್‌ರಿಚಿ ಕಾಡು. ಅಲ್ಲಿ ಎರಡು ಗುಡ್ಡಗಳ ನಡುವೆ 250 ಮೀಟರ್ ಉದ್ದದ ತೂಗುಸೇತುವೆ ಇದೆ. ಎತ್ತರ ಅಂದ್ರೆ ನೆಲದಿಂದ ಸುಮಾರು 25 ಮೀಟರ್, ಮರಗಳ ನೆತ್ತಿ ಮೇಲೆ ನಡೆದಂಗೆ. ಮಾವ ಕೆಳಗೆ ಬಗ್ಗಿ ನೋಡಿ, "ನೀರೇ ಇಲ್ವಲ್ಲೋ, ಸೇತುವೆ ಯಾಕ್ ಕಟ್ಟವ್ರೆ?" ಅಂದ. ಅಪ್ಪ ಮಾತ್ರ ನಡುವೆ ನಿಂತು ಬಾಳ ಹೊತ್ತು ಕೆಳಗೇ ನೋಡ್ತಿದ್ದ. "ಇದು ಸರಿ ಕಣ. ಮನುಷ್ರು ಮೇಲೆ, ಅವು ಕೆಳಗೆ" ಅಂದ. ಕೋತಿ ಬಗ್ಗೆ ಹೇಳ್ತಾವ್ನೆ ಅಂದುಕೊಂಡೆ.

ಇನ್ನೊಂದು ವಿಷಯ. ದಿನಾ ರಾತ್ರಿ ಒಂಬತ್ತೂವರೆಗೆ ಅಪ್ಪ ನನ್ನ ಫೋನ್ ಇಸ್ಕೊಂಡು ಬಾಲ್ಕನಿಗೆ ಹೋಗ್ತಿದ್ದ. ಊರಲ್ಲಿ ಆಗ ಸಂಜೆ ಏಳು. ಚಿಕ್ಕಪ್ಪನಿಗೆ ಫೋನ್ ಮಾಡಿ ಒಂದೇ ಪ್ರಶ್ನೆ: "ಅವು ಬಂದಿದ್ವಾ?" ಆ ಕಡೆಯಿಂದ ಏನೋ ಉತ್ತರ. "ಸರಿ, ಉಸಾರು" ಅಂತ ಇಟ್ಬಿಡ್ತಿದ್ದ. ನಾನು ದನ ಮೇಯೋಕೆ ಹೋಗಿ ಬಂದ್ವಾ ಅಂತ ಕೇಳ್ತಾನೆ ಅಂದುಕೊಂಡಿದ್ದೆ. ನನ್ನ ಹೆಂಡತಿ, ಯಾರೋ ಸಾಲ ಕೊಟ್ಟೋರು ಬರ್ತಿರಬೇಕು ಅಂತ ಹೆದರಿದ್ಲು.

ಮೂರನೇ ಭಾನುವಾರ ಪುಲಾವ್ ಉಬಿನ್‌ಗೆ ಹೊರಟ್ವಿ. ಚಾಂಗಿ ತೀರದಿಂದ ದೋಣೀಲಿ ಹತ್ತು ಹದಿನೈದು ನಿಮಿಷದ ದಾರಿ, ಚಿಕ್ಕ ದ್ವೀಪ. ಒಂದು ಕಾಲದಲ್ಲಿ ಕಲ್ಲು ಗಣಿ, ರಬ್ಬರ್ ತೋಟ ಇದ್ದ ಜಾಗ. ಈಗ ಹಳೇ ತಗಡಿನ ಮನೆಗಳು, ತೆಂಗು, ಹಲಸು, ಬಾಡಿಗೆ ಸೈಕಲ್ಲು. ದೋಣಿಗೆ ಟೈಮ್ ಟೇಬಲ್ ಇಲ್ಲ, 12 ಜನ ತುಂಬಿದ್ರೆ ಹೊರಡುತ್ತೆ. "ನಮ್ಮ ಹುಣಸೂರಿನ ಆಟೋ ಇದ್ದಂಗೆ" ಅಂತ ಅಪ್ಪ ಮೊದಲನೇ ಸಲ ಮನಸಾರೆ ನಕ್ಕ.

ದ್ವೀಪದ ಪೂರ್ವ ತುದೀಲಿ ಚೆಕ್ ಜಾವಾ ಅನ್ನೋ ಜೌಗು ತೀರ ಇದೆ. ಅಲ್ಲಿ ಸಮುದ್ರ ತುಂಬಿಸಿ ನೆಲ ಮಾಡಬೇಕು ಅಂತಿದ್ದ ಸರ್ಕಾರ, ಜನ ಕೇಳಿಕೊಂಡ ಮೇಲೆ 2001ರ ಕೊನೇಲಿ ಆ ಯೋಜನೆ ಮುಂದಕ್ಕೆ ಹಾಕ್ತು. ಈಗ ಅದರ ಮೇಲೆ ಹಲಗೆ ದಾರಿ ಇದೆ. ನೀರು ಇಳಿದಾಗ ಕೆಸರಲ್ಲಿ ಒಂದೇ ಕೈ ದೊಡ್ಡದಿರೋ ಪುಟ್ಟ ಏಡಿಗಳು ಕಾಣ್ತವೆ. ಮಾವ "ಸಾರಿಗಾಗಲ್ಲ" ಅಂತ ತೀರ್ಪು ಕೊಟ್ಟ.

ಅರ್ಧ ದಾರೀಲಿ ಮೋಡ ಕವೀತು. ಇಲ್ಲಿ ಮೋಡ ಕವಿಯೋದಕ್ಕೂ ಸಿಡಿಲು ಬಡಿಯೋದಕ್ಕೂ ನಡುವೆ ಹೆಚ್ಚು ಹೊತ್ತು ಸಿಗಲ್ಲ. ಸಮಭಾಜಕ ವೃತ್ತದ ಪಕ್ಕದ ಊರು, ವರ್ಷದಲ್ಲಿ ಹೆಚ್ಚು ಕಮ್ಮಿ ಅರ್ಧ ದಿನ ಗುಡುಗು ಇರುತ್ತೆ. ಅವ್ವ ಸಿಡಿಲು ಮಲ್ಲಿಕಾರ್ಜುನನ್ನ ಕರೀತಾ, ನಾನು ಅವ್ವನ ಕೈ ಹಿಡಿದು ಎಳೀತಾ, ಹೇಗೋ ಓಡಿ ಒಂದು ಚಾವಣಿ ಕೆಳಗೆ ಸೇರ್ಕೊಂಡ್ವಿ. ಮುಕ್ಕಾಲು ಗಂಟೆ ಸುರೀತು.

ಮಳೆ ನಿಂತಾಗ ಪೊದೆಯಿಂದ ಒಂದು ಹೆಣ್ಣು ಕಾಡುಹಂದಿ ಬಂತು. ಹಿಂದೆ ನಾಲ್ಕು ಮರಿ. ಅಲ್ಲಿದ್ದ ಪ್ರವಾಸಿಗರೆಲ್ಲ "ಆಹಾ" ಅಂತ ಫೋನ್ ತೆಗೆದ್ರು. ನಾನೂ ತೆಗೆದೆ. ನನ್ನ 6 ವರ್ಷದ ಮಗಳ ಕೈಲಿ ಅಜ್ಜಿ ತಂದಿದ್ದ ಬಾಳೇಕಾಯಿ ಚಿಪ್ಸಿನ ಪೊಟ್ಟಣ. ಅವಳು ಅದನ್ನ ಚಾಚಿಕೊಂಡು ಎರಡು ಹೆಜ್ಜೆ ಮುಂದೆ ಹೋದ್ಲು. ನಾನು ಸ್ಕ್ರೀನಲ್ಲಿ ಅದನ್ನ ನೋಡ್ತಾನೇ ಇದ್ದೆ. ಚೆನ್ನಾಗಿ ಬರ್ತಿದೆ ವಿಡಿಯೋ ಅಂದುಕೊಂಡೆ.

ಹಂದಿ ತಲೆ ಎತ್ತಿತು. ಅಪ್ಪ ಯಾವಾಗ ಎದ್ದನೋ ಗೊತ್ತಿಲ್ಲ. ಕೂಗಲಿಲ್ಲ, ಓಡಲಿಲ್ಲ. ಪೊಟ್ಟಣ ಕಿತ್ತು ಅಂಗಿ ಒಳಕ್ಕೆ ತುರುಕಿಕೊಂಡ, ಕೂಸನ್ನ ಎತ್ತಿಕೊಂಡ, ಹಂದಿ ಮೇಲಿನ ಕಣ್ಣು ತೆಗೀದೆ ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟ. "ಬೆನ್ನು ತಿರುಗಿಸಬ್ಯಾಡ್ರಿ" ಅಂದ, ಪಿಸುಮಾತಲ್ಲಿ. ಹಂದಿ ಮೂಸಿ, ಮರಿಗಳನ್ನ ಕರ್ಕೊಂಡು ಆ ಕಡೆ ಹೋಯ್ತು.

"ಅಂದಿಗೆ ಎದ್ರುಕೊಂಡ್ಯಾ ಬಾವ?" ಅಂತ ಮಾವ ನಕ್ಕ. ಅಪ್ಪ ನಗಲಿಲ್ಲ. ಅವನ ಕೈ ನಡುಗ್ತಿತ್ತು.

ವಾಪಸ್ ಬರೋವಾಗ ದೋಣೀಲಿ ಇಂಜಿನ್ ಸದ್ದು. ಅವ್ವ, ಮಾವ, ಸೊಸೆ ಮುಂದೆ ಕೂತಿದ್ರು. ಅಪ್ಪ ನನ್ನ ಕಿವಿ ಹತ್ರ ಬಗ್ಗಿ ಹೇಳಿದ್ದಿಷ್ಟು. ಹೋದ ವರ್ಷ ಇದೇ ತಿಂಗಳು, ರಾಗಿ ತೆನೆ ಕಟ್ಟಿತ್ತು. ರಾತ್ರಿ ಅಟ್ಟಣೆ ಮೇಲೆ ಒಬ್ಬನೇ ಕಾಯ್ತಿದ್ದ. ಮೂರು ದೊಡ್ಡವು, ಒಂದು ಮರಿ, ಅಟ್ಟಣೆ ಕೆಳಗೇ ಬಂದು ನಿಂತ್ವು. ಟಾರ್ಚ್ ಹಾಕಿದ್ರೆ ಮರಿ ಬೆದರುತ್ತೆ, ಮರಿ ಬೆದರಿದ್ರೆ ತಾಯಿ ಅಟ್ಟಣೆ ಬೀಳಿಸುತ್ತೆ. ಕೆಮ್ಮು ಬಂದ್ರೂ ಟವಲ್ ಕಚ್ಚಿಕೊಂಡು ಕೂತಿದ್ದ, ಬೆಳಗಿನ ಜಾವದವರೆಗೂ.

"ಎಲ್ಲಾ ಓದ್ ಮ್ಯಾಕೆ ನಿಂಗೆ ಪೋನ್ ಮಾಡ್ದೆ ಮಗ. ನೀನು ಮೀಟಿಂಗಲ್ಲಿವ್ನಿ ಅಂದೆ. ಅವ್ವಂಗೆ ಯೋಳಿಲ್ಲ. ನೀನೂ ಯೋಳಬ್ಯಾಡ."

ಅವು ಅಂದ್ರೆ ಯಾವು ಅಂತ ನನಗೆ ಆಗ ಗೊತ್ತಾಯ್ತು. ರಾತ್ರಿ ಹೊತ್ತು ಅಪ್ಪ ಅವುಗಳ ಹೆಸರು ಹೇಳಲ್ಲ. ವೀರನಹೊಸಹಳ್ಳಿ ಕಡೆ ರೈಲ್ವೆ ಕಂಬಿ ಬೇಲಿ, ಕಂದಕ ಎಲ್ಲಾ ಮಾಡಿದ್ದಾರೆ. ಆನೆ ಎಲ್ಲೋ ಒಂದು ಕಡೆ ಸಂದಿ ಹುಡುಕಿಕೊಳ್ಳುತ್ತೆ. ನನ್ನ ಬೆಂಗಳೂರಿನ ಸ್ನೇಹಿತರು ಎಚ್.ಡಿ. ಕೋಟೆಗೆ ಹೋಗಿ, ಕಬಿನಿ ಹಿನ್ನೀರಲ್ಲಿ ಅದೇ ಆನೆ ನೋಡೋಕೆ ಸಾವಿರಾರು ರೂಪಾಯಿ ಕೊಟ್ಟು ಬರ್ತಾರೆ. ನಾನು ಆ ಫೋಟೋಗಳಿಗೆ ಲೈಕ್ ಒತ್ತಿದ್ದೀನಿ. ಅಪ್ಪ ಸಫಾರಿ ಜೀಪ್ ಹತ್ತಿಲ್ಲ. ಕಾಡನ್ನ ಮೋಜಿಗೆ ನೋಡಿದ್ದು ಇದೇ ಮೊದಲು, ಅದೂ ಸಿಂಗಪುರದಲ್ಲಿ. ಇಂಥೋನನ್ನ ರಾಗಿ ನಿಂತಿರೋ ತಿಂಗಳಲ್ಲಿ, ಟಿಕೆಟ್ ಅಗ್ಗ ಅಂತ ಹೊಲದಿಂದ ಎಬ್ಬಿಸಿಕೊಂಡು ಬಂದು, ಅಟ್ಟಣೆ ಮೇಲೆ ಚಿಕ್ಕಪ್ಪನನ್ನ ಕೂರಿಸಿದ್ದೆ ನಾನು.

ಅದಾದ ನಾಲ್ಕನೇ ರಾತ್ರಿ ಚಿಕ್ಕಪ್ಪನ ಉತ್ತರ ಬೇರೆ ಇತ್ತು. ಹಿಂದಿನ ರಾತ್ರಿ ಬಂದಿದ್ವಂತೆ. ಅರ್ಧ ಎಕರೆ ಹೋಯ್ತು. "ಜನಕ್ಕೇನೂ ಆಗಿಲ್ಲ ತಾನೆ?" ಅಂತ ಕೇಳಿ, ಫೋಟೋ ತೆಗೆದು ಅರಣ್ಯ ಇಲಾಖೆಗೆ ಅರ್ಜಿ ಕೊಡೋಕೆ ಹೇಳಿ, ಅಪ್ಪ ಬಂದು ತಟ್ಟೆ ಮುಂದೆ ಕೂತ. ಟಿಕೆಟ್ ಹಿಂದಕ್ಕೆ ಹಾಕಿಸ್ಲಾ ಅಂದೆ. "ಬ್ಯಾಡ, ಕೂಸಿನ ರಜ ಮುಗೀಲಿ" ಅಂದ.

ನಾನು ತಡೀಲಾರದೆ ಕೇಳಿದೆ. "ರಾಗಿ ಹಾಕೋದು ಬಿಟ್ಬಿಡಪ್ಪ. ಅಷ್ಟು ದುಡ್ಡು ನಾನು ಕಳಿಸ್ತೀನಿ."

"ದುಡ್ಡು ಕಳಿಸ್ತೀಯ ಮಗ, ಗೊತ್ತು. ನಾಳೆ ಎಲ್ರೂ ಅಂಗೇ ಅಂದ್ರೆ ರಾಗಿ ಯಾರ್ ಕಳಿಸ್ತಾರೆ?" ಅಂದ. ಸಿಟ್ಟಿರಲಿಲ್ಲ. ಇನ್ನೊಂದು ಚಪಾತಿ ಹಾಕಿಸ್ಕೊಂಡ.

ಅವ್ರು ಊರಿಗೆ ಹೋಗಿ ಹತ್ತತ್ರ ವರ್ಷ ಆಯ್ತು. ಒಂಬತ್ತೂವರೆಗೆ ಈಗ ನಾನು ಫೋನ್ ಮಾಡ್ತೀನಿ. ಹೊಲದಲ್ಲಿದ್ರೆ ಅಪ್ಪ ಪಿಸುಗುಡ್ತಾನೆ. "ಅವು ಬಂದಿದ್ವಾ?" ಅಂತ ನಾನು ಕೇಳ್ತೀನಿ, ಪಕ್ಕದಲ್ಲಿ ಮಗಳೂ ಕೇಳ್ತಾಳೆ. ಅವಳಿಗೆ ಅದು ಹಂದಿ ಅಂತಲೇ ಇದೆ, ನಾನು ತಿದ್ದಿಲ್ಲ.

ಈ ನವೆಂಬರಿಗೂ ಟಿಕೆಟ್ ಬುಕ್ ಮಾಡಿದ್ದೀನಿ. ಈ ಸಲ ಅಪ್ಪನ್ನ ಕೇಳಿ ಮಾಡಿದ್ದು, ಮತ್ತು ಹೋಗ್ತಿರೋದು ನಾನು. "ಬಾ, ಆದ್ರೆ ಅಟ್ಟಣೆ ಮ್ಯಾಲೆ ಪೋನ್ ತಗೀಬ್ಯಾಡ" ಅಂದಿದ್ದಾನೆ.