ಸಂಜೆಯ ಬಟವಾಡೆ

ನಮ್ಮ ಬೆಟಗೇರಿ ಕಡೆ ಕ್ರೈಸ್ತರ ಮನೆಗೆ ಹೋದವರು ಗೋಡೆ ಮೇಲಿನ ವಾಕ್ಯಗಳನ್ನ ನೋಡೇ ಇರ್ತೀರಿ. ಕ್ಯಾಲೆಂಡರ್, ಫ್ರೇಮು, ಫ್ರಿಜ್ ಮೇಲಿನ ಸ್ಟಿಕ್ಕರ್... ಎಲ್ಲಾ ಕಡೆ ಅವೇ ಹತ್ತು-ಹದಿನೈದು. ದೇವರನ್ನ ಕುರುಬನಿಗೆ ಹೋಲಿಸೋ 23ನೇ ಕೀರ್ತನೆ. ಮುಂದೆ ಒಳ್ಳೇದಾಗ್ತದೆ ಅಂತ ಭರವಸೆ ಕೊಡೋ ಯೆರೆಮೀಯ 29:11. ಮಕ್ಕಳ ಪರೀಕ್ಷೆ ಬಂತಂದ್ರೆ ಫಿಲಿಪ್ಪಿ 4:13.

ಈ ವಾಕ್ಯಗಳ ಮೇಲೆ ನನಗೇನೂ ಸಿಟ್ಟಿಲ್ಲ. ಆದ್ರೆ ಹಿಂದು-ಮುಂದು ಕತ್ತರಿಸಿ ಫ್ರೇಮ್ ಹಾಕೋದು ಮಾತ್ರ ಸೇರೋದಿಲ್ಲ. ಯೆರೆಮೀಯನ ಆ ಮಾತು ಬಾಬಿಲೋನಿಗೆ ಸೆರೆ ಹೋದವರಿಗೆ ಬರೆದ ಪತ್ರದ್ದು, ಅದರ ಹಿಂದಿನ ವಾಕ್ಯದಲ್ಲೇ 70 ವರ್ಷ ಕಾಯಬೇಕು ಅಂತ ಇದೆ! ಪೌಲ ಫಿಲಿಪ್ಪಿಯವರಿಗೆ ಬರೆದದ್ದು ಜೈಲಿನಿಂದ. ಹಸಿವಿನಲ್ಲೂ ಇರಬಲ್ಲೆ ಅಂತ ಅವನು ಹೇಳಿದ್ದು, ಗಣಿತದಲ್ಲಿ ನೂರಕ್ಕೆ ನೂರು ಬರ್ತದೆ ಅಂತಲ್ಲ.

ಜರ್ಮನಿಯ ಹೆರ್ನ್‌ಹುಟ್ ಅನ್ನೋ ಊರಲ್ಲಿ 1731ರಿಂದ ವರ್ಷದ ಒಂದೊಂದು ದಿನಕ್ಕೂ ಒಂದೊಂದು ವಾಕ್ಯ ಅಚ್ಚು ಹಾಕ್ತಾ ಬಂದಿದ್ದಾರೆ. ಹಳೇ ಒಡಂಬಡಿಕೆಯ ವಾಕ್ಯಗಳನ್ನ ಚೀಟಿ ಎತ್ತಿ ಆರಿಸ್ತಾರೆ. ನಮ್ಮಲ್ಲಿ ಕ್ಯಾಲೆಂಡರ್ ಮಾಡೋರು ಚೀಟಿ ಎತ್ತೋದಿಲ್ಲ, ಸಮಾಧಾನದ್ದನ್ನೇ ಹುಡುಕಿ ಹಾಕ್ತಾರೆ. ಇಲ್ಲಾಂದ್ರೆ ಇಷ್ಟು ವರ್ಷದಲ್ಲಿ ಒಂದು ಸಲವಾದ್ರೂ ಧರ್ಮೋಪದೇಶಕಾಂಡ 24:15 ಕಣ್ಣಿಗೆ ಬೀಳಬೇಕಿತ್ತು.

ಅದರಲ್ಲಿರೋದು ಇಷ್ಟೇ: ಕೂಲಿಯವನಿಗೆ ಆ ದಿನದ ಕೂಲಿ ಆ ದಿನವೇ, ಹೊತ್ತು ಮುಳುಗೋದರೊಳಗೆ ಕೊಟ್ಟುಬಿಡು. ಯಾಕಂದ್ರೆ ಅವನು ಬಡವ, ಅವನ ಜೀವ ಅದಕ್ಕೇ ಜೋತುಬಿದ್ದಿರ್ತದೆ. ಯಾಜಕಕಾಂಡ 19:13 ಕೂಡಾ ಅದನ್ನೇ ಹೇಳ್ತದೆ, ಕೂಲಿ ರಾತ್ರಿ ನಿನ್ನ ಮನೇಲಿ ಉಳೀಬಾರದು ಅಂತ. ಕೂಲಿಯವನು ಸ್ವಂತ ಜನವೋ ಪರದೇಶಿಯೋ ಅನ್ನೋ ಭೇದ ಮಾಡಬೇಡ ಅನ್ನೋದೂ ಧರ್ಮೋಪದೇಶಕಾಂಡದ ಆ ಮಾತಿನ ಹಿಂದಿನ ವಾಕ್ಯದಲ್ಲೇ ಇದೆ.

ಈ ವರ್ಷ ಮನೆ ಕಟ್ಟಿಸ್ತಾ ಇದೀವಿ. ಗೌಂಡಿಗಳು ಊರವರೇ. ಹೆಣ್ಣಾಳುಗಳು ಬರೋದು ಮುಂಡರಗಿ, ಶಿರಹಟ್ಟಿ ಕಡೆಯ ಹಳ್ಳಿಗಳಿಂದ. ಕಪ್ಪತಗುಡ್ಡದ ಸುತ್ತಿನ ಒಣಭೂಮಿಯಲ್ಲಿ ಮಳೆ ಕೈಕೊಟ್ರೆ ಮುಗೀತು, ಗಟ್ಟಿ ಇದ್ದವರು ಗೋವಾಕ್ಕೋ ಮಂಗಳೂರಿಗೋ ಹೋಗ್ತಾರೆ. ಮನೆಯಲ್ಲಿ ಮುದುಕರು, ಮಕ್ಕಳು ಇರೋ ಹೆಣ್ಣುಮಕ್ಕಳು ದಿನಾ ಬಸ್ಸು ಹತ್ತಿ ಗದಗಿಗೆ. ಮುಂಡರಗಿಯಿಂದಲೇ ಸುಮಾರು 40 ಕಿ.ಮೀ.

ಬಟವಾಡೆ ಶನಿವಾರ ಅಂತ ಗುತ್ತಿಗೆದಾರರ ಪದ್ಧತಿ. ಎರಡನೇ ವಾರ ಒಬ್ಬಾಕೆ ಬಂದು ದಿನದ ಕೂಲಿ ದಿನಾ ಕೊಡ್ತೀರೇನು ಅಂತ ಕೇಳಿದಳು. "ಶನಿವಾರತನಕ ಅಂದ್ರ ಅಂಗಡ್ಯಾಗ ಉದ್ರಿ ಬರಸಬೇಕ್ರಿ ಅಕ್ಕಾರ. ಉದ್ರಿ ಅಂದ್ರ ಅವ ಹೇಳಿದ್ದ ರೇಟು." ವಾರದ ಬಟವಾಡೆಗೆ ಬಡ್ಡಿ ಯಾರು ಕಟ್ತಾರೆ ಅನ್ನೋದನ್ನ ಇದಕ್ಕಿಂತ ಚೆನ್ನಾಗಿ ಯಾವ ಅಯ್ಯನವರ ಪ್ರಸಂಗದಲ್ಲೂ ಕೇಳಿಲ್ಲ. ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರಿ ಸಂಘ ಹುಟ್ಟಿದ್ದೂ ಸಾಲದ ಕಾಟಕ್ಕೇ ಅಲ್ವಾ.

ಗುತ್ತಿಗೆದಾರರಿಗೆ ಹೇಳಿದೆ. ಅವರು ಒಳ್ಳೆ ಮನುಷ್ಯರೇ, ಆದ್ರೆ ತಲೆ ಅಲ್ಲಾಡಿಸಿದರು. "ದಿನಾ ಕೊಟ್ರ ನಾಳಿಗೆ ಬರೂದಿಲ್ರಿ. ನಮ್ಮ ಕೈಯಾಗ ಅವರ ರೊಕ್ಕ ಇದ್ರ ಆಳು ನಿಲ್ಲತಾವು." ಅಂದ್ರೆ ಶನಿವಾರ ಅನ್ನೋದು ಲೆಕ್ಕದ ಅನುಕೂಲಕ್ಕಷ್ಟೇ ಅಲ್ಲ, ಕಟ್ಟಿಹಾಕೋ ಹಗ್ಗ ಕೂಡಾ. 2019ರ ವೇತನ ಸಂಹಿತೆಯೂ ದಿನಗೂಲಿಯವರಿಗೆ ಪಾಳಿ ಮುಗಿದಾಗಲೇ ಕೊಡಬೇಕು ಅನ್ನುತ್ತೆ. ಮೋಶೆಯ ಮಾತಿಗೆ ತಲೆ ಅಲ್ಲಾಡಿಸಿದವರು ಇದಕ್ಕೂ ನಕ್ಕರು. ಕೊನೆಗೆ, ಹೆಣ್ಣಾಳುಗಳ ಕೂಲಿ ನಾನೇ ದಿನಾ ಕೊಡ್ತೀನಿ, ನಿಮ್ಮ ಬಿಲ್ಲಿನಲ್ಲಿ ಕಳೀರಿ ಅಂದೆ.

ಹೇಳಿದಷ್ಟು ಸುಲಭ ಇಲ್ಲ ಮಾರಾಯ್ರೆ. ಎ.ಟಿ.ಎಂ.ನಲ್ಲಿ ಬರೋದು ಬರೀ 500ರ ನೋಟು. ಫೋನ್‌ಪೇ ಮಾಡೋಣ ಅಂದ್ರೆ ಆಕೆಯದು ಬಟನ್ ಫೋನು, ಖಾತೆ ಗಂಡನ ನಂಬರಿಗೆ. "ಅವನ ಫೋನಿಗೆ ಹಾಕಬ್ಯಾಡ್ರಿ, ನಾ ಊರು ಮುಟ್ಟೂದ್ರಾಗ ಖಾಲಿ ಆಗಿರತೈತಿ." ಹಾಗಾಗಿ ಮಧ್ಯಾಹ್ನ ಕಿರಾಣಿ ಅಂಗಡಿಗೆ ಹೋಗಿ ಚಿಲ್ಲರೆ ಕೂಡಿಸೋದು ಈಗ ನನ್ನ ದಿನದ ಕೆಲಸ. ಬೆಳಗಿನ ಪ್ರಾರ್ಥನೆಗಿಂತ ಇದಕ್ಕೇ ಜಾಸ್ತಿ ಹೊತ್ತು ಹಿಡೀತದೆ.

ಗುತ್ತಿಗೆದಾರರ ಮಾತು ಪೂರ್ತಿ ಸುಳ್ಳೂ ಆಗಲಿಲ್ಲ. ಎರಡು ಸಲ ಇಬ್ಬರು ಮಾರನೇ ದಿನ ಬರಲಿಲ್ಲ. ಅವರು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ.

ಆಮೇಲೆ ಒಂದಿನ ಬಸ್ಸು ಕೆಟ್ಟು ಮೂವರು ಹನ್ನೊಂದೂವರೆಗೆ ಬಂದರು. ಪದ್ಧತಿ ಪ್ರಕಾರ ಅರ್ಧ ಕೂಲಿ. ಮತ್ತಾಯ 20ರ ದ್ರಾಕ್ಷಿತೋಟದ ಕಥೆ ಗೊತ್ತಲ್ಲ, ದಿನ ಮುಗಿಯೋಕೆ ಒಂದು ತಾಸು ಇದ್ದಾಗ ಬಂದವರಿಗೂ ಯಜಮಾನ ಪೂರ್ತಿ ದಿನದ ಕೂಲಿ ಕೊಡ್ತಾನೆ. ಸಂಡೇ ಸ್ಕೂಲಿನಲ್ಲಿ ನಮಗೆ ಅದನ್ನ ಪರಲೋಕದ ಕಥೆ ಅಂತಲೇ ಹೇಳಿಕೊಟ್ಟಿದ್ದು. ಆದ್ರೆ ಆ ತಡವಾಗಿ ಬಂದವರು ಸಂತೆಪೇಟೆಯಲ್ಲಿ ನಿಂತೇ ಇದ್ದರು, ಯಾರೂ ಕರೆದಿರಲಿಲ್ಲ ಅಷ್ಟೇ. ಅವರ ಮನೆಯಲ್ಲೂ ರೊಟ್ಟಿಗೆ ಹಿಟ್ಟು ಅಷ್ಟೇ ಬೇಕಲ್ಲ.

ಪೂರ್ತಿ ಕೂಲಿ ಕೊಟ್ಟೆ. ಎಂಟಕ್ಕೇ ಬಂದಿದ್ದ ಇಬ್ಬರು ಗೊಣಗಿದರು, ಆ ಕಥೆಯಲ್ಲಿ ಗೊಣಗಿದ ಹಾಗೇ! ಯೇಸುವಿನ ಯಜಮಾನ ಅವರಿಗೆ ಖಡಕ್ಕಾಗಿ ಉತ್ತರ ಕೊಟ್ಟ. ನನಗೆ ಅಷ್ಟು ಧೈರ್ಯ ಬರಲಿಲ್ಲ, ಚಹಾ ತರಿಸಿದೆ. ಅವರ ದೂರಿನಲ್ಲೂ ನ್ಯಾಯ ಇದೆ ಅಂತ ಈಗಲೂ ಅನಿಸ್ತದೆ. ನಿಮ್ಮಲ್ಲಿ ಯಾರಾದ್ರೂ ಆ ಅಧ್ಯಾಯವನ್ನ ಆಳುಗಳ ಎದುರು ನಿಂತು ಓದಿ ನೋಡಿದ್ರೆ ಬರೀರಿ.

ಬರೋ ಸೋಮವಾರ ಸ್ಲ್ಯಾಬು. ಲಕ್ಷ್ಮೇಶ್ವರದಿಂದ ಮಿಕ್ಸರ್ ಜೊತೆ ಇಪ್ಪತ್ತು ಜನ ಬರ್ತಾರೆ, ಮುಗಿಯೋದು ಎಷ್ಟೊತ್ತಾದ್ರೂ ಆಗಬಹುದು. ಭಾನುವಾರ ಬ್ಯಾಂಕಿಲ್ಲ. ಶುಕ್ರವಾರವೇ ಹೋಗಿ 100ರ ನೋಟಿನ ಕಟ್ಟು ಕೇಳಬೇಕು.